ಹದಿನೆಂಟನೆಯ ತಿಂಗಳ ಭೇಟಿ

ಮಕ್ಕಳ ನರವಿಜ್ಞಾನದ ಕ್ಲಿನಿಕಲ್ ಸಂಶೋಧನೆಯಲ್ಲಿ ಒಂದು ಚಿಕಿತ್ಸೆ ಫಲ ಕೊಟ್ಟಿತೋ ಇಲ್ಲವೋ ಎಂಬುದು ಮಗು ಆಸ್ಪತ್ರೆಯಿಂದ ಮನೆಗೆ ಹೋಗುವ ದಿನ ಗೊತ್ತಾಗುವುದಿಲ್ಲ. ಅಂದು ಫಿಟ್ಸ್ ನಿಂತಿರಬಹುದು, ತಾಯಿಯ ಮುಖದಲ್ಲಿ ಗೆಲುವು ಬಂದಿರಬಹುದು, ಡಿಸ್ಚಾರ್ಜ್ ಹಾಳೆಯಲ್ಲಿ ‘ಸುಧಾರಿಸಿದೆ’ ಎಂದು ಬರೆದಿರಬಹುದು. ಆದರೆ ಆ ಮಗು ಆಧಾರವಿಲ್ಲದೆ ಕೂರುತ್ತದೆಯೇ, ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ, ಎರಡು ಮಾತು ಕೂಡಿಸುತ್ತದೆಯೇ ಎಂಬುದನ್ನು ತಿಳಿಯಲು ಒಂದೂವರೆ, ಎರಡು ವರ್ಷ ಕಾಯಲೇಬೇಕು. ಬೆಳೆಯುತ್ತಿರುವ ಮಿದುಳು ತನ್ನ ಉತ್ತರವನ್ನು ಅದಕ್ಕಿಂತ ಮೊದಲು ಕೊಡುವುದಿಲ್ಲ. ಆದ್ದರಿಂದ ನನ್ನಂಥ ಸಂಶೋಧನಾ ಸಂಯೋಜಕರ ಕೆಲಸದ ಬಹುಪಾಲು, ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಂಟಿ ಮನೆಗಳಲ್ಲಿರುವ ತಾಯಂದಿರು ಮಗುವನ್ನೆತ್ತಿಕೊಂಡು ಮತ್ತೊಮ್ಮೆ, ಮಗದೊಮ್ಮೆ ಶಿವಮೊಗ್ಗದ ಬಸ್ಸು ಹತ್ತುವಂತೆ ನೋಡಿಕೊಳ್ಳುವುದರಲ್ಲೇ ಕಳೆಯುತ್ತದೆ. ಈ ಕೆಲಸಕ್ಕೆ ನಾನು ಬಂದ ಬಗೆಯನ್ನೂ ಇಲ್ಲಿ ಕಂಡದ್ದನ್ನೂ ಇದೇ ದಾರಿ ಹಿಡಿಯುವ ಯೋಚನೆಯಲ್ಲಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗಾಗಿ ಬರೆದಿಡುತ್ತಿದ್ದೇನೆ.

ನಾನು ಡಾಕ್ಟರಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದಾಗ ಕಣ್ಣೆದುರಿಗಿದ್ದದ್ದು ಎರಡೇ ದಾರಿ: ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗುವುದು, ಇಲ್ಲವೇ ಬೆಂಗಳೂರಿಗೆ ಹೋಗಿ ಔಷಧ ಕಂಪನಿಯ ಗುಣಮಟ್ಟ ವಿಭಾಗ ಸೇರುವುದು. ಕ್ಲಿನಿಕಲ್ ಸಂಶೋಧನೆ ಎಂಬ ಮೂರನೆಯ ದಾರಿಯೊಂದು ಇದೆ ಎಂದು ಹೇಳಿದ್ದು ಹಾಸ್ಟೆಲಿನ ಹಿರಿಯ ಗೆಳತಿ. ಬೆಂಗಳೂರಿನಲ್ಲಿ ಡಿಪ್ಲೊಮಾ ಮಾಡಿ, ಮೊದಲಿಗೆ ದೊಡ್ಡವರ ಸಕ್ಕರೆ ಕಾಯಿಲೆಯ ಔಷಧ ಪ್ರಯೋಗಗಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಹಿಡಿದೆ. ರೋಗಿಯ ಮುಖವನ್ನೇ ಕಾಣದೆ ಅವರ ರಕ್ತದ ಅಂಕಿಗಳನ್ನು ಮಾತ್ರ ನೋಡುತ್ತಾ ಕೂರುವುದು ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ. ಆಸ್ಪತ್ರೆಯೊಂದರ ಮಕ್ಕಳ ನರರೋಗ ವಿಭಾಗಕ್ಕೆ ಸಂಯೋಜಕಿ ಬೇಕು ಎಂದು ತಿಳಿದಾಗ ಅರ್ಜಿ ಹಾಕಿದೆ. ಕೆಲವು ವರ್ಷ ಅಲ್ಲಿ ಪಳಗಿದ ಮೇಲೆ, ಅದೇ ಅಧ್ಯಯನಕ್ಕೆ ಶಿವಮೊಗ್ಗದ ಆಸ್ಪತ್ರೆಯೊಂದು ಹೊಸ ಕೇಂದ್ರವಾಗಿ ಸೇರಿದಾಗ, ಊರಿನ ಕಡೆಯವಳು ಎಂಬ ಕಾರಣಕ್ಕೆ ನನ್ನನ್ನು ಇಲ್ಲಿಗೆ ಕಳುಹಿಸಿದರು.

ಕೆಲಸಕ್ಕೆ ಸೇರುವ ಮುನ್ನ ಕಲಿಯಬೇಕಾದ ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅವು ಪುಸ್ತಕದಲ್ಲಿ ಸಿಗುತ್ತವೆ. ‘ಗುಡ್ ಕ್ಲಿನಿಕಲ್ ಪ್ರಾಕ್ಟೀಸ್’ ತರಬೇತಿಯ ಪ್ರಮಾಣಪತ್ರವಿಲ್ಲದೆ ಯಾರೂ ಒಳಗೆ ಬಿಡುವುದಿಲ್ಲ. ಭಾರತದಲ್ಲಿ ಔಷಧ ಪ್ರಯೋಗಗಳು 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳಿಗೆ ಒಳಪಟ್ಟಿವೆ. ಮಕ್ಕಳ ಮೇಲಿನ ಸಂಶೋಧನೆಗೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಪ್ರತ್ಯೇಕ ನೈತಿಕ ಮಾರ್ಗಸೂಚಿ ಹೊರಡಿಸಿದೆ. ಮೊದಲ ಮಗುವನ್ನು ಸೇರಿಸಿಕೊಳ್ಳುವ ಮುನ್ನವೇ ಪ್ರಯೋಗವನ್ನು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲಾತಿಯಲ್ಲಿ ನೋಂದಾಯಿಸಬೇಕು. 2007ರಲ್ಲಿ ಆರಂಭವಾದ ಈ ದಾಖಲಾತಿ 2009ರ ಜೂನ್‌ನಿಂದ ಔಷಧ ಪ್ರಯೋಗಗಳಿಗೆ ಕಡ್ಡಾಯವಾಯಿತು. ಸೋತ ಪ್ರಯೋಗವನ್ನು ಸದ್ದಿಲ್ಲದೆ ಮುಚ್ಚಿಹಾಕುವುದನ್ನು ಕಷ್ಟವಾಗಿಸಿದ್ದು ಈ ನೋಂದಣಿಯೇ.

ನಮ್ಮ ಅಧ್ಯಯನ ಶಿಶುಗಳಲ್ಲಿ ಕಾಣುವ ಒಂದು ವಿಶೇಷ ಬಗೆಯ ಅಪಸ್ಮಾರದ ಕುರಿತಾಗಿತ್ತು. ವೆಸ್ಟ್ ಸಿಂಡ್ರೋಮ್ ಎಂದು ಕರೆಯುವ ಇದು ಹೆಚ್ಚಾಗಿ ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಕಾಣಿಸಿಕೊಳ್ಳುತ್ತದೆ. ನಿದ್ದೆಯಿಂದ ಎದ್ದ ಕೂಡಲೇ ಮಗು ತಲೆಯನ್ನು ಮುಂದಕ್ಕೆ ಬಾಗಿಸಿ, ಎರಡೂ ಕೈಗಳನ್ನು ಎಸೆದಂತೆ ಚಾಚಿ, ಕ್ಷಣದಲ್ಲಿ ಸಡಿಲವಾಗುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಅದೇ. ಹೀಗೆ ಒಂದರ ಹಿಂದೆ ಒಂದರಂತೆ ಗೊಂಚಲಾಗಿ ಬರುತ್ತದೆ. ದೊಡ್ಡ ಫಿಟ್ಸ್‌ನಂತೆ ನೊರೆ ಬರುವುದಿಲ್ಲ, ಮೈ ದೀರ್ಘಕಾಲ ಸೆಟೆಯುವುದಿಲ್ಲ. ಹಾಗಾಗಿ ಮನೆಯವರು ಮಗು ಬೆಚ್ಚಿಬೀಳುತ್ತಿದೆ, ಹೊಟ್ಟೆನೋವಿರಬೇಕು, ಇಲ್ಲವೇ ದೃಷ್ಟಿಯಾಗಿದೆ ಎಂದುಕೊಳ್ಳುತ್ತಾರೆ. ಹೊಟ್ಟೆನೋವಿನ ಹನಿ ಹಾಕಿ, ತಾಯಿತ ಕಟ್ಟಿಸಿ, ನೀವಾಳಿಸಿ, ಕೊನೆಗೆ ನಮ್ಮ ಬಳಿ ಬರುವ ವೇಳೆಗೆ ವಾರಗಳಲ್ಲ, ಎಷ್ಟೋ ಸಲ ತಿಂಗಳುಗಳೇ ಕಳೆದಿರುತ್ತವೆ. ಅಷ್ಟರಲ್ಲಿ ನಗುತ್ತಿದ್ದ ಮಗು ನಗುವುದನ್ನು ಬಿಟ್ಟಿರುತ್ತದೆ. ಚಿಕಿತ್ಸೆ ತಡವಾದಷ್ಟೂ ಬೆಳವಣಿಗೆಗೆ ಆಗುವ ನಷ್ಟ ಹೆಚ್ಚು. ನಮ್ಮ ದೇಶದಲ್ಲಿ ಇದಕ್ಕೆ ಬಹುಮಟ್ಟಿಗೆ ಕಾರಣವಾಗುವುದು ಹೆರಿಗೆಯ ಹೊತ್ತಿನಲ್ಲಿ ಉಸಿರುಗಟ್ಟಿದ್ದು, ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ತೀರಾ ಇಳಿದದ್ದು ಮುಂತಾದ, ಬಹಳಷ್ಟು ಮಟ್ಟಿಗೆ ತಡೆಯಬಹುದಾದ ಪೆಟ್ಟುಗಳು ಎಂಬುದು ಈ ಕಾಯಿಲೆಯ ಬೇಸರದ ಸಂಗತಿ.

ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು ಒಬ್ಬ ತಂದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ 1841ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಗೆ ಬರೆದ ಪತ್ರದಲ್ಲಿ ವರ್ಣಿಸಿದ್ದು ತನ್ನ ಸ್ವಂತ ಮಗನ ಸೆಳೆತಗಳನ್ನು. ಮನೆಯವರ ಕಣ್ಣಿಗಿಂತ ಹರಿತವಾದ ಉಪಕರಣ ಈ ಕಾಯಿಲೆಯಲ್ಲಿ ಇಂದಿಗೂ ಅಪರೂಪ. ವ್ಯತ್ಯಾಸವಿಷ್ಟೇ, ಈಗ ಕೈಯಲ್ಲಿ ಮೊಬೈಲ್ ಇದೆ. ಹಳ್ಳಿಗೆ ಹೋದಾಗಲೆಲ್ಲ ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿ ಶಿಕ್ಷಕಿಯರಿಗೂ ನಾನು ಹೇಳುವುದು ಒಂದೇ ಮಾತು: ಮಗು ಪದೇ ಪದೇ ಬೆಚ್ಚುತ್ತಿದೆ ಎಂದು ಯಾರಾದರೂ ಅಂದರೆ, ಎದ್ದ ಕೂಡಲೇ ಒಂದು ವಿಡಿಯೋ ಮಾಡಿಸಿ, ಅದನ್ನು ಹಿಡಿದು ಮಕ್ಕಳ ವೈದ್ಯರ ಬಳಿಗೆ ಕಳುಹಿಸಿ.

ಚಿಕಿತ್ಸೆಗೆ ಎಸಿಟಿಎಚ್ ಎಂಬ ಹಾರ್ಮೋನಿನ ಚುಚ್ಚುಮದ್ದು, ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮತ್ತು ವಿಗಾಬ್ಯಾಟ್ರಿನ್ ಎಂಬ ಅಪಸ್ಮಾರದ ಔಷಧ ಬಳಕೆಯಲ್ಲಿವೆ. ಪ್ರೆಡ್ನಿಸೋಲೋನ್ ಅಗ್ಗ, ಬಾಯಿಂದ ಕೊಡಬಹುದು, ಚಿಕ್ಕ ಊರಿನ ಔಷಧದಂಗಡಿಯಲ್ಲೂ ಸಿಗುತ್ತದೆ. ನಮ್ಮ ಅಧ್ಯಯನ ಎರಡು ಚಿಕಿತ್ಸಾ ಕ್ರಮಗಳನ್ನು ಹೋಲಿಸುತ್ತಿತ್ತು. ಎರಡೂ ಬಳಕೆಯಲ್ಲಿರುವಂಥವೇ, ಯಾವುದು ಮೇಲು ಎಂಬುದು ಮಾತ್ರ ನಿಖರವಾಗಿ ಯಾರಿಗೂ ತಿಳಿದಿರಲಿಲ್ಲ. ಯಾವ ಮಗುವಿಗೆ ಯಾವುದು ಎಂಬುದನ್ನು ಕ್ರಮಸಂಖ್ಯೆ ಹಾಕಿದ, ಬೆಳಕಿಗೆ ಹಿಡಿದರೂ ಒಳಗಿನದು ಕಾಣದ ಮುಚ್ಚಿದ ಲಕೋಟೆ ನಿರ್ಧರಿಸುತ್ತಿತ್ತು.

ಈ ಲಕೋಟೆಯ ವಿಷಯವನ್ನು ತಂದೆತಾಯಿಗೆ ಹೇಳುವುದೇ ನನ್ನ ಕೆಲಸದ ಅತ್ಯಂತ ಕಠಿಣ ಭಾಗ. ಸಮ್ಮತಿ ಪತ್ರವನ್ನು ಕನ್ನಡದಲ್ಲಿ ಬರೆದು, ಬೇರೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ, ಎರಡನ್ನೂ ತಾಳೆ ನೋಡಿ, ನೈತಿಕ ಸಮಿತಿಯ ಒಪ್ಪಿಗೆಯ ಮುದ್ರೆ ಹಾಕಿಸಿಕೊಂಡು ಇಟ್ಟಿರುತ್ತೇವೆ. ಆದರೆ ಮಗುವಿಗೆ ಮಿದುಳಿನ ಕಾಯಿಲೆ ಎಂಬ ಮಾತನ್ನು ಅರ್ಧ ಗಂಟೆಯ ಹಿಂದೆ ಕೇಳಿದವರ ಎದುರು ಪುಟಗಟ್ಟಲೆ ಕಾಗದವನ್ನಿಡುವುದು ಸುಲಭವಲ್ಲ. ಕಾಯೋಣವೆಂದರೆ ಚಿಕಿತ್ಸೆ ತಡವಾಗುವಂತಿಲ್ಲ, ಅವಸರ ಮಾಡಿಸೋಣವೆಂದರೆ ಅದು ಸಮ್ಮತಿಯೇ ಅಲ್ಲ. ನಿಯಮದಂತೆ ಒಬ್ಬ ಪೋಷಕರ ಸಹಿ ಸಾಕಾಗುವಲ್ಲಿಯೂ ನಮ್ಮ ಕಡೆಯ ತಾಯಂದಿರು ಗಂಡನನ್ನು, ಅತ್ತೆಯನ್ನು, ಕೆಲವೊಮ್ಮೆ ತವರಿನ ಅಣ್ಣನನ್ನು ಕೇಳದೆ ಪೆನ್ನು ಹಿಡಿಯುವುದಿಲ್ಲ. ಗಂಡ ಮಂಗಳೂರಿನ ಹೋಟೆಲಿನಲ್ಲೋ ಬೆಂಗಳೂರಿನ ಬೇಕರಿಯಲ್ಲೋ ಇರುತ್ತಾನೆ. ಫೋನಿನಲ್ಲಿ ಅವನಿಗೂ ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಓದು ಬಾರದವರಾದರೆ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರನ್ನು ಕೂರಿಸಿಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಪಡೆದು, ಸಾಕ್ಷಿಯ ಸಹಿ ಹಾಕಿಸಬೇಕು.

ಸಾಗರದ ಕಡೆಯ ಒಬ್ಬ ಅಜ್ಜ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, “ಅಂದ್ರೆ ತಂಗಿ, ದೇವಸ್ಥಾನದಲ್ಲಿ ಪ್ರಸಾದ ಕೇಳಿದ ಹಾಗಾಯ್ತಲ್ಲ? ಬಲಕ್ಕೆ ಬಿದ್ರೆ ಒಂದು, ಎಡಕ್ಕೆ ಬಿದ್ರೆ ಇನ್ನೊಂದು,” ಎಂದರು. ನಾನು, “ಹೆಚ್ಚು ಕಡಿಮೆ ಹಾಗೇ ಅಜ್ಜ, ಆದ್ರೆ ಅಲ್ಲಿ ದೇವರಿಗೆ ಉತ್ತರ ಗೊತ್ತಿರ್ತದೆ ಅಂತ ನಂಬ್ತೇವೆ. ಇಲ್ಲಿ ಯಾವುದು ಒಳ್ಳೇದು ಅಂತ ನಮ್ಮ ದೊಡ್ಡ ಡಾಕ್ಟ್ರಿಗೂ ಗೊತ್ತಿಲ್ಲ, ಅದನ್ನ ತಿಳ್ಕೊಳ್ಳೋಕೇ ಇದನ್ನ ಮಾಡೋದು,” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿಲ್ಲ ಅಂತ ಹೇಳಿದ್ರಲ್ಲ, ಅದೊಂದು ಒಳ್ಳೇದಾಯ್ತು,” ಎಂದು ಮಗನ ಕಡೆ ತಿರುಗಿ ಸಹಿ ಮಾಡಲು ಹೇಳಿದರು. ಎಲ್ಲರೂ ಹಾಗೆ ಒಪ್ಪುವುದಿಲ್ಲ. ಡಾಕ್ಟರರಿಗೇ ಗೊತ್ತಿಲ್ಲದಿದ್ದರೆ ಮಣಿಪಾಲಕ್ಕೆ ಹೋಗುತ್ತೇವೆ ಎಂದು ಎದ್ದು ಹೋದವರೂ ಇದ್ದಾರೆ. ಅವರು ಹೋದದ್ದನ್ನು ಸ್ಕ್ರೀನಿಂಗ್ ದಾಖಲೆಯಲ್ಲಿ ‘ಸಮ್ಮತಿಸಲಿಲ್ಲ’ ಎಂದು ಬರೆದು, ಬೇಕಾದ ರೆಫರಲ್ ಪತ್ರ ಕೊಡಿಸಿ ಕಳುಹಿಸುವುದೂ ನನ್ನ ಕೆಲಸವೇ. ಒಪ್ಪದವರನ್ನು ಓಲೈಸತೊಡಗಿದ ಸಂಯೋಜಕಿ ಮುಂದೆ ಆ ಕುಟುಂಬವನ್ನು ಹಿಡಿದಿಟ್ಟುಕೊಳ್ಳಲಾರಳು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅರೆಮನಸ್ಸಿನ ಸಹಿ ಮೂರನೆಯ ಭೇಟಿಯಲ್ಲಿ ಕಾಣೆಯಾಗುತ್ತದೆ.

ಇನ್ನು ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ. ಈ ಕಾಯಿಲೆಯಲ್ಲಿ ಆ ಅಲೆಗಳು ಎತ್ತರೆತ್ತರವಾಗಿ, ತಾಳತಪ್ಪಿ, ಒಂದು ಭಾಗಕ್ಕೂ ಇನ್ನೊಂದಕ್ಕೂ ಹೊಂದಿಕೆಯಿಲ್ಲದೆ ಕಾಣುತ್ತವೆ. ಇದಕ್ಕೆ ಹಿಪ್ಸಾರಿದ್ಮಿಯಾ ಎನ್ನುತ್ತಾರೆ. ಚಿಕಿತ್ಸೆ ಆರಂಭಿಸಿದ ಎರಡು ವಾರಗಳ ನಂತರ ಸೆಳೆತ ನಿಂತಿದೆಯೇ ಎಂಬುದರ ಜೊತೆಗೆ ಈ ಚಿತ್ರವೂ ಅಳಿಸಿದೆಯೇ ಎಂದು ನೋಡಬೇಕು, ಅದಕ್ಕೆ ಮಗು ನಿದ್ದೆ ಮಾಡಬೇಕು. ತಂತ್ರಜ್ಞರು ಟೇಪು ಹಿಡಿದು ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬಿನವರೆಗೆ ಅಳೆದು, ಆ ಅಳತೆಯ ಶೇಕಡಾ 10 ಮತ್ತು 20ರ ಲೆಕ್ಕದಲ್ಲಿ ಗುರುತು ಹಾಕಿ, ಪ್ರತಿ ಗುರುತಿನಲ್ಲಿ ಚರ್ಮವನ್ನು ಹದವಾಗಿ ಉಜ್ಜಿ, ಪೇಸ್ಟ್ ಹಚ್ಚಿ, ಎಲೆಕ್ಟ್ರೋಡ್ ಕೂರಿಸುತ್ತಾರೆ. ಅಷ್ಟು ಹೊತ್ತೂ ಮಗು ತಾಯಿಯ ಮಡಿಲಲ್ಲಿ ಒದ್ದಾಡುತ್ತಿರುತ್ತದೆ. ಆಸ್ಪತ್ರೆಗೆ ಹೊರಡುವ ದಿನ ತಲೆಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ ಕರೆತರುವುದು ನಮ್ಮ ಅಜ್ಜಿಯಂದಿರ ಶಿಸ್ತು; ಎಣ್ಣೆಯಿದ್ದರೆ ಎಲೆಕ್ಟ್ರೋಡ್ ಜಾರುತ್ತದೆ, ಅಲೆಗಳ ಬದಲು ಗದ್ದಲ ದಾಖಲಾಗುತ್ತದೆ. ಭೇಟಿಯ ಹಿಂದಿನ ದಿನ ಫೋನ್ ಮಾಡಿ, ತಲೆ ತೊಳೆಯಿರಿ, ಎಣ್ಣೆ ಬೇಡ ಎಂದು ಹೇಳುವುದು ನನ್ನ ಪಟ್ಟಿಯಲ್ಲಿ ಮೊದಲ ಸಾಲು.

ಎರಡನೆಯ ಸಾಲು ಬಸ್ಸಿನದು. ಪರೀಕ್ಷೆಯ ಹೊತ್ತಿಗೆ ನಿದ್ದೆ ಬರಲೆಂದು ಮಗುವನ್ನು ಬೆಳಗ್ಗೆ ಬೇಗ ಎಬ್ಬಿಸಲು ಹೇಳಿರುತ್ತೇವೆ. ಅವರು ನಸುಕಿನಲ್ಲೇ ಎಬ್ಬಿಸಿ, ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಿಂದಲೋ ಕೋಣಂದೂರಿನಿಂದಲೋ ಮೊದಲ ಬಸ್ಸು ಹಿಡಿಯುತ್ತಾರೆ. ತಿರುವುಗಳ ದಾರಿಯಲ್ಲಿ ಬಸ್ಸು ತೂಗುತ್ತಾ ಬಂದರೆ ಯಾವ ಮಗು ಎಚ್ಚರವಾಗಿರುತ್ತದೆ? ಶಿವಮೊಗ್ಗ ತಲಪುವವರೆಗೆ ಗಾಢ ನಿದ್ದೆ ಮಾಡಿ, ಇಇಜಿ ಕೋಣೆಗೆ ಬಂದ ಮೇಲೆ ಅದು ಕಣ್ಣರಳಿಸಿ ವೈರುಗಳನ್ನು ಎಳೆಯತೊಡಗುತ್ತದೆ. ನಿದ್ದೆ ಬರಿಸುವ ಸಿರಪ್ ಕೊಡಬಹುದು, ಆದರೆ ಅದು ಕೊನೆಯ ಉಪಾಯ. ನಾವು ಕಂಡುಕೊಂಡ ಪರಿಹಾರವೆಂದರೆ ದೂರದ ಮಕ್ಕಳ ಇಇಜಿಯನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಟ್ಟುಕೊಳ್ಳುವುದು. ಬೆಂಗಳೂರಿನ ಕೇಂದ್ರದಲ್ಲಿ ಯಾರಿಗೂ ಇದರ ಅಗತ್ಯ ಬಿದ್ದಿರಲಿಲ್ಲ.

ಸ್ಟೀರಾಯ್ಡ್ ಶುರುವಾದ ಕೆಲವೇ ದಿನಗಳಲ್ಲಿ ಮಗುವಿನ ಹಸಿವು ಹೆಚ್ಚುತ್ತದೆ, ಕೆನ್ನೆ ತುಂಬಿಕೊಳ್ಳುತ್ತದೆ. ಅದು ಔಷಧದ ಅಡ್ಡಪರಿಣಾಮ. ಆದರೆ ಮನೆಯವರ ಕಣ್ಣಿಗೆ ಒಣಕಲಾಗಿದ್ದ ಮಗು ಮೈತುಂಬಿಕೊಂಡಿದೆ. ಔಷಧ ತಗ್ಗಿಸುತ್ತಾ ಬಂದಂತೆ ಕೆನ್ನೆ ಇಳಿದಾಗ, “ಮದ್ದು ನಿಲ್ಲಿಸಿದ್ಮೇಲೆ ಸೊರಗಿದಾನೆ ಮೇಡಂ, ಇನ್ನೊಂದು ತಿಂಗ್ಳು ಕೊಡ್ಲಿಕ್ಕಾಗೂದಿಲ್ವಾ?” ಎಂದು ಕೇಳುತ್ತಾರೆ. ಇನ್ನೊಂದು ಕಡೆ, ಮಗು ಕಿರಿಕಿರಿ ಮಾಡುತ್ತದೆ, ರಾತ್ರಿಯಿಡೀ ಮಲಗುವುದಿಲ್ಲ ಎಂದು ತಾವೇ ಔಷಧವನ್ನು ಒಮ್ಮೆಲೇ ನಿಲ್ಲಿಸಿಬಿಡುವವರು. ಅದು ಅಪಾಯ, ಏಕೆಂದರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಅಷ್ಟರಲ್ಲಿ ಕಡಿಮೆ ಮಾಡಿರುತ್ತದೆ. ಲಸಿಕೆಯದು ಬೇರೆ ತೊಡಕು. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ನಡೆಯುವಾಗ ಜೀವಂತ ಲಸಿಕೆ ಹಾಕುವಂತಿಲ್ಲ, ಆದರೆ ಒಂಬತ್ತು ತಿಂಗಳಿಗೆ ದಡಾರ–ರುಬೆಲ್ಲಾ ಲಸಿಕೆಯ ದಿನ ಬಂದಿರುತ್ತದೆ. ಲಸಿಕೆ ತಪ್ಪಿಸಿದ್ದೀರೆಂದು ಊರಿನ ಆರೋಗ್ಯ ಕಾರ್ಯಕರ್ತೆ ಬೈಯುತ್ತಾಳೆ. ಅವಳು ಬೈಯುವುದು ಸರಿಯಾಗಿಯೇ ಇದೆ. ಯಾವ ದಿನಾಂಕದ ನಂತರ ಹಾಕಬಹುದು ಎಂದು ವೈದ್ಯರ ಸಹಿಯೊಂದಿಗೆ ಕನ್ನಡದಲ್ಲಿ ಬರೆದ ಪತ್ರವನ್ನು ತಾಯಿ ಕಾರ್ಡಿನೊಳಗೆ ಪಿನ್ ಮಾಡಿ ಕೊಡತೊಡಗಿದ ಮೇಲೆ ಆ ಜಗಳ ನಿಂತಿತು.

ಸೆಳೆತಗಳ ಲೆಕ್ಕವಿಡಲು ನಾವು ಅಚ್ಚುಕಟ್ಟಾದ ಡೈರಿ ಮುದ್ರಿಸಿ ಕೊಟ್ಟಿದ್ದೆವು. ಹೊಸನಗರ ತಾಲ್ಲೂಕಿನ ಒಬ್ಬ ತಾಯಿ ಡೈರಿಯನ್ನು ಖಾಲಿಯಾಗಿಯೇ ವಾಪಸು ತಂದು, ಜೊತೆಗೆ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಕಿತ್ತು ತಂದಿದ್ದರು. ಪ್ರತಿ ದಿನದ ಚೌಕದಲ್ಲಿ ನೀಲಿ ಪೆನ್ನಿನಲ್ಲಿ ಹಾಲಿನ ಡೈರಿಗೆ ಹಾಕಿದ ಲೀಟರು, ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಗೀಟುಗಳು. ಏಕಾದಶಿ, ಸಂಕಷ್ಟಿಯ ಅಚ್ಚಿನ ನಡುವೆ ಜಾಗ ಮಾಡಿಕೊಂಡು ಎಳೆದಂಥವು. ಗೀಟುಗಳು ದಿನ ದಿನಕ್ಕೆ ಕಡಿಮೆಯಾಗುತ್ತಾ, ಒಂದು ಹುಣ್ಣಿಮೆಯ ನಂತರ ಇರಲೇ ಇಲ್ಲ. ನಮ್ಮ ನಿಯಮದಲ್ಲಿ ಮೊದಲು ಎಲ್ಲಿ ಬರೆಯಲಾಯಿತೋ ಅದೇ ಮೂಲ ದಾಖಲೆ, ಅದನ್ನು ಅಂದವಾಗಿ ಬೇರೆ ಕಡೆ ನಕಲು ಮಾಡಿ ಮೂಲವನ್ನು ಎಸೆಯುವಂತಿಲ್ಲ. ಆದ್ದರಿಂದ ಕ್ಯಾಲೆಂಡರಿನ ಹಾಳೆಗಳೇ ಫೈಲು ಸೇರಿದವು. ಬೆಂಗಳೂರಿನಿಂದ ತಪಾಸಣೆಗೆ ಬಂದ ಮಾನಿಟರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಗೀಟು ಎಂದರೆ ಒಂದು ಸೆಳೆತವೋ ಒಂದು ಗೊಂಚಲೋ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ತಾಯಿಗೆ ಫೋನ್ ಮಾಡಿದರೆ, “ಒಂದ್ಸಲ ಶುರುವಾಗಿ ನಿಲ್ಲೂವರೆಗೆ ಒಂದು ಗೀಟು,” ಎಂದರು. ಮೂಲದ ಮೇಲೆ ಏನನ್ನೂ ತಿದ್ದದೆ, ಕೇಳಿದ ದಿನಾಂಕ, ಹೇಳಿದವರು, ಬರೆದವರು ಎಂಬ ವಿವರಗಳೊಂದಿಗೆ ಬೇರೆ ಟಿಪ್ಪಣಿ ಬರೆದು ಲಗತ್ತಿಸಿದೆವು. ಅಚ್ಚಿನ ಡೈರಿಗಳಲ್ಲಿ ಎಷ್ಟೋ, ಭೇಟಿಯ ಹಿಂದಿನ ರಾತ್ರಿ ಒಂದೇ ಕೂರಿಕೆಯಲ್ಲಿ ತುಂಬಿದ್ದೆಂದು ಒಂದೇ ಬಣ್ಣದ ಶಾಯಿಯಿಂದ ತಿಳಿಯುವಂತಿರುತ್ತವೆ. ನಾನು ಕಂಡವುಗಳಲ್ಲಿ ಅತ್ಯಂತ ನಂಬಲರ್ಹವಾದ ದಾಖಲೆ ಆ ಹಾಲಿನ ಲೆಕ್ಕದ ಕ್ಯಾಲೆಂಡರ್.

ಗಂಭೀರ ಪ್ರತಿಕೂಲ ಘಟನೆ ಎಂಬುದೊಂದಿದೆ. ಅಧ್ಯಯನದಲ್ಲಿರುವ ಮಗು ಯಾವುದೇ ಕಾರಣಕ್ಕೆ ಆಸ್ಪತ್ರೆಗೆ ದಾಖಲಾದರೂ, ಅದು ಔಷಧದಿಂದ ಆದದ್ದಲ್ಲವೆಂದು ಮೇಲ್ನೋಟಕ್ಕೆ ಕಂಡರೂ, ಘಟನೆ ಆದ 24 ಗಂಟೆಗಳೊಳಗೆ ವರದಿ ಹೋಗಬೇಕು. ತಡವಾದರೆ ತಡವಾದ ಕಾರಣವನ್ನೂ ಬರೆಯಬೇಕು. ಮಲೆನಾಡಿನಲ್ಲಿ ಜನವರಿಯಿಂದ ಮುಂಗಾರಿನವರೆಗೆ ಈ ನಿಯಮ ನಮ್ಮನ್ನು ತುದಿಗಾಲಿನಲ್ಲಿ ನಿಲ್ಲಿಸುತ್ತದೆ. ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣ್ಣೆ ಹುಳುಗಳಿಂದ ಹರಡುವ ಆ ವೈರಸ್ಸು ಕೆಲವರಲ್ಲಿ ಜ್ವರ ಇಳಿದು ಒಂದೆರಡು ವಾರದ ನಂತರ ಮರುಕಳಿಸಿ, ಮಿದುಳಿನ ಉರಿಯೂತಕ್ಕೂ ತಿರುಗುತ್ತದೆ. ಹಾಗಾಗಿ ತೀರ್ಥಹಳ್ಳಿಯ ಕಡೆಯ, ಆಗಷ್ಟೇ ಸ್ಟೀರಾಯ್ಡ್ ಮುಗಿಸಿದ್ದ ಮಗುವೊಂದು ತೀವ್ರ ಜ್ವರ ಮತ್ತು ಫಿಟ್ಸ್‌ನಿಂದ ದಾಖಲಾದಾಗ ಎದುರಿಗಿದ್ದ ಪ್ರಶ್ನೆಗಳು ಹಲವು: ಇದು ಹಳೆಯ ಕಾಯಿಲೆಯ ಮರುಕಳಿಕೆಯೇ, ಸ್ಟೀರಾಯ್ಡ್‌ನಿಂದ ರೋಗನಿರೋಧಕ ಶಕ್ತಿ ತಗ್ಗಿ ತಗುಲಿದ ಸೋಂಕೇ, ಅಥವಾ ತರಗೆಲೆ ಗುಡಿಸಲು ಕಾಡಿಗೆ ಹೋಗುವ ಮನೆಯವರ ಬಟ್ಟೆಯ ಮೇಲೆ ಬಂದ ಉಣ್ಣೆಯೇ? ಮೂರಕ್ಕೂ ವರದಿಯ ನಮೂನೆಯಲ್ಲಿ ಬೇರೆ ಬೇರೆ ಅರ್ಥವಿದೆ. ತಂದೆ ಕರೆ ಮಾಡಿದ್ದು ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ. ರಕ್ತದ ಮಾದರಿ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋಯಿತು, ಕಾರಣ ಇನ್ನೂ ಖಚಿತವಾಗಿಲ್ಲ ಎಂದು ಬರೆದ ಮೊದಲ ವರದಿ ಅದೇ ರಾತ್ರಿ ಹೋಯಿತು. ಮಂಗನ ಕಾಯಿಲೆ ಇಲ್ಲವೆಂದು ಆಮೇಲೆ ತಿಳಿಯಿತು, ಮಗು ಚೇತರಿಸಿಕೊಂಡಿತು. ಈ ಕೆಲಸದಲ್ಲಿ ‘ಇನ್ನೂ ಗೊತ್ತಿಲ್ಲ’ ಎಂದು ಸಮಯಕ್ಕೆ ಸರಿಯಾಗಿ ಬರೆದು ಕಳುಹಿಸುವುದಕ್ಕೆ ಬೆಲೆಯಿದೆ; ಎಲ್ಲ ತಿಳಿದ ಮೇಲೆ ಬರೆಯೋಣವೆಂದು ಕಾಯುವವರು ಇಲ್ಲಿ ಬಾಳುವುದಿಲ್ಲ.

ಎಲ್ಲವೂ ಹೋಗಿ ಸೇರುವುದು 18ನೆಯ ತಿಂಗಳ ಬೆಳವಣಿಗೆಯ ಪರೀಕ್ಷೆಗೆ. ಬರೋಡಾದಲ್ಲಿ ರೂಪುಗೊಂಡ, ಭಾರತೀಯ ಶಿಶುಗಳಿಗೆಂದೇ ಸಿದ್ಧಪಡಿಸಿದ ಡಿಎಎಸ್ಐಐ ಮಾಪನವನ್ನು ನಾವು ಬಳಸುತ್ತಿದ್ದೆವು. ಅದರಲ್ಲಿ ಚಲನೆಗೆ 67, ಬುದ್ಧಿಬೆಳವಣಿಗೆಗೆ 163 ಅಂಶಗಳಿವೆ. ಗಂಟೆ, ಕೆಂಪು ಬಳೆಯಂಥ ಉಂಗುರ, ಮರದ ಘನಗಳು, ಬಟ್ಟಲು, ರಂಧ್ರಗಳಿರುವ ಹಲಗೆ ಮುಂತಾದವುಗಳನ್ನು ಒಂದೊಂದಾಗಿ ಮಗುವಿನ ಮುಂದಿಟ್ಟು, ಅದು ಏನು ಮಾಡುತ್ತದೆ ಎಂದು ನೋಡಬೇಕು. ಪರೀಕ್ಷಿಸುವ ಮನಶ್ಶಾಸ್ತ್ರಜ್ಞೆಗೆ ಮಗು ಯಾವ ಗುಂಪಿನದು ಎಂದು ತಿಳಿಯಕೂಡದು. ಶಿವಮೊಗ್ಗದಂಥ ಊರಿನಲ್ಲಿ ಈ ಗುಟ್ಟನ್ನು ಕಾಪಾಡುವುದೇ ಒಂದು ಸಾಹಸ. ಕಾರಿಡಾರಿನಲ್ಲಿ ಕುಳಿತ ತಾಯಿ ಅವರನ್ನು ಕಂಡ ಕೂಡಲೇ ಎದ್ದು ನಿಂತು, ಯಾವ ಮಾತ್ರೆ ಎಷ್ಟು ದಿನ ಕೊಟ್ಟರು ಎಂಬುದರಿಂದಲೇ ಮಾತು ಆರಂಭಿಸುತ್ತಾರೆ. ಅದು ಅವರ ಸೌಜನ್ಯ. ಒಳಗೆ ಕಳುಹಿಸುವ ಮುನ್ನ ಔಷಧದ ಚೀಟಿಗಳನ್ನೆಲ್ಲ ಇಸಿದುಕೊಂಡು, “ಒಳಗೆ ಮದ್ದಿನ ಸುದ್ದಿ ಒಂದು ಬಿಟ್ಟು ಬೇರೆ ಏನು ಬೇಕಾದ್ರೂ ಮಾತಾಡಿ,” ಎಂದು ಹೇಳಿ ಕಳುಹಿಸುತ್ತೇನೆ. ಗುಂಪು ಬಯಲಾಯಿತೆಂದು ಅನುಮಾನ ಬಂದರೆ ಪರೀಕ್ಷಕಿ ಅದನ್ನು ದಾಖಲಿಸಬೇಕು, ಸಾಧ್ಯವಾದರೆ ಬೇರೊಬ್ಬರು ಪರೀಕ್ಷೆ ಮಾಡಬೇಕು.

ಇಷ್ಟೆಲ್ಲ ಪಾಡು ಯಾಕೆ, ದೊಡ್ಡ ದೇಶಗಳಲ್ಲಿ ಈಗಾಗಲೇ ಕಂಡುಹಿಡಿದದ್ದನ್ನು ತಂದು ಬಳಸಿದರಾಗದೇ ಎಂದು ನನ್ನ ಚಿಕ್ಕಪ್ಪ ಒಮ್ಮೆ ಕೇಳಿದರು. ಅವರಿಗೆ ಹೆಲಿಕ್ಸ್ ಪ್ರಯೋಗದ ಕತೆ ಹೇಳಿದೆ. ಹೆರಿಗೆಯಲ್ಲಿ ಉಸಿರುಗಟ್ಟಿದ ಶಿಶುಗಳ ಮೈಯನ್ನು 33.5 ಡಿಗ್ರಿ ಸೆಲ್ಸಿಯಸ್‌ಗೆ ತಂಪುಮಾಡಿ 72 ಗಂಟೆ ಇಟ್ಟರೆ ಮಿದುಳಿನ ಹಾನಿ ತಗ್ಗುತ್ತದೆ ಎಂಬುದು ಶ್ರೀಮಂತ ದೇಶಗಳ ಪ್ರಯೋಗಗಳಲ್ಲಿ ಸಾಬೀತಾಗಿದ್ದ ಸಂಗತಿ. ಅದನ್ನೇ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ದೊಡ್ಡ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ಪರೀಕ್ಷಿಸಿದಾಗ, 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಾವು ಅಥವಾ ಅಂಗವೈಕಲ್ಯ ಎಂಬ ಒಟ್ಟು ಲೆಕ್ಕದಲ್ಲಿ ಯಾವ ಲಾಭವೂ ಕಾಣಲಿಲ್ಲ. ಸಾವಿನ ಪ್ರಮಾಣ ಮಾತ್ರ ತಂಪುಮಾಡಿದ ಗುಂಪಿನಲ್ಲಿ ಶೇಕಡಾ 42, ಮಾಡದ ಗುಂಪಿನಲ್ಲಿ ಶೇಕಡಾ 31 ಇತ್ತು. ಅಲ್ಲಿ ಜೀವ ಉಳಿಸಿದ ಕ್ರಮ ಇಲ್ಲಿ ಹಾಗೆ ಮಾಡಲಿಲ್ಲ. ಒಂದೂವರೆ ವರ್ಷ ಈ ಮಕ್ಕಳ ಮನೆಬಾಗಿಲು ತಟ್ಟುತ್ತಾ ಲೆಕ್ಕ ಪೂರ್ತಿಮಾಡಿದವರು ಇಲ್ಲದಿದ್ದರೆ ಆ ಚಿಕಿತ್ಸೆಯನ್ನು ನಾವು ಒಳ್ಳೆಯದೆಂದೇ ನಂಬಿಕೊಂಡು ಮುಂದುವರಿಯುತ್ತಿದ್ದೆವು. ಚಿಕ್ಕಪ್ಪ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಆದರೆ ತಾಯಂದಿರು ಕೇಳುತ್ತಾರೆ: “ಈಗ ಹುಷಾರಿದಾನಲ್ಲ ಅಕ್ಕ, ಮತ್ತೆಂತಕ್ಕೆ ಬರೂದು?” ಹುಷಾರಾದ ಮಕ್ಕಳು ಬರುವುದನ್ನು ಬಿಟ್ಟರೆ ಔಷಧ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ತೀರಾ ಹಿಂದುಳಿದ ಮಕ್ಕಳು ಬಾರದಿದ್ದರೆ ಇದ್ದದ್ದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಎರಡೂ ಸುಳ್ಳು. ಇದನ್ನು ತಾಯಿಗೆ ಹೀಗೆಯೇ ವಿವರಿಸಿದ್ದೇನೆ, ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಬಸ್ಸು ಸಿಗಬೇಕಲ್ಲ. ನಮ್ಮ ಭೇಟಿಗಳಿಗೆ ಹಿಂದೆ ಮುಂದೆ ಎರಡು ವಾರದ ಅವಕಾಶವಿರುತ್ತಿತ್ತು. ಆ ಎರಡು ವಾರ ಜುಲೈನಲ್ಲಿ ಬಿದ್ದರೆ ಕಾಲುಸಂಕದ ಮೇಲೆ ನೀರು, ದಾರಿಗೆ ಅಡ್ಡಬಿದ್ದ ಮರ; ಚಳಿಗಾಲದಲ್ಲಿ ಬಿದ್ದರೆ ಅಡಿಕೆ ಕೊಯ್ಲು, ಸುಲಿತ. ರಾತ್ರಿಯಿಡೀ ಅಡಿಕೆ ಸುಲಿಯುವ ಮನೆಯಲ್ಲಿ ಒಂದು ದಿನದ ಕೂಲಿ ಬಿಟ್ಟು ಬನ್ನಿ ಎನ್ನಲು ಬಾಯಿ ಬರುವುದಿಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರದು ಇನ್ನೊಂದು ಬಗೆ: 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಅವರ ದಿನಚರಿಯನ್ನು ಹಿನ್ನೀರು ದಾಟಿಸುವ ಲಾಂಚ್ ನಿರ್ಧರಿಸುತ್ತಿತ್ತು, ಇಇಜಿ ನಡುವೆಯೇ ತಂದೆ ಗಡಿಯಾರ ನೋಡತೊಡಗುತ್ತಿದ್ದರು. ಪ್ರಯಾಣದ ಖರ್ಚು ಕೊಡಲು ನೈತಿಕ ಸಮಿತಿ ಒಪ್ಪಿತ್ತು. ಕೂಲಿಯ ನಷ್ಟವನ್ನೂ ತುಂಬಿಕೊಡಬೇಕೆಂದು ಕೇಳಿದಾಗ, ಹಣದಾಸೆಗೆ ಮಗುವನ್ನು ಸೇರಿಸಿದಂತಾಗಬಾರದು ಎಂದು ಕೆಲವು ಸದಸ್ಯರು ತಡೆದರು. ನಮ್ಮ ವಾದಕ್ಕೆ ದನಿಗೂಡಿಸಿದ್ದು ಸಮಿತಿಯಲ್ಲಿದ್ದ ಸಾಮಾನ್ಯ ನಾಗರಿಕ ಸದಸ್ಯರು. ಸ್ವತಃ ತೋಟವಿದ್ದ ಅವರು ಕೊಯ್ಲಿನ ದಿನದ ಕೂಲಿಯ ಲೆಕ್ಕವನ್ನು ಬಾಯಲ್ಲೇ ಹೇಳಿ, ಇದು ಆಮಿಷವಲ್ಲ, ನಷ್ಟ ಎಂದು ವಾದಿಸಿದರು. ಮಂಜೂರಾದ ಹಣ ನಮ್ಮ ಕೈಸೇರುವುದು ಮಾತ್ರ ಬಹಳ ತಡವಾಯಿತು. ಬಸ್ಸಿನ ಹಣವನ್ನು ಮೊದಲು ಕೊಟ್ಟು ಆಮೇಲೆ ವಸೂಲು ಮಾಡಿಕೊಳ್ಳುವ ಸಂಯೋಜಕಿ ನಾನೊಬ್ಬಳೇ ಅಲ್ಲವೆಂದು ಬಲ್ಲೆ.

ವೃತ್ತಿಯಾಗಿ ಇದು ಹೇಗೆ ಎಂದು ಕೇಳುವವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹುದ್ದೆಗಳು ಬಹುತೇಕ ಗುತ್ತಿಗೆಯವು. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ಔಷಧ ಕಂಪನಿಗಳ ಪ್ರಯೋಗಗಳಲ್ಲಿ ಸಂಬಳ ಹೆಚ್ಚು, ಸರ್ಕಾರಿ ನೆರವಿನ ಅಧ್ಯಯನಗಳಲ್ಲಿ ಕಡಿಮೆ. ನಮ್ಮ ಮಕ್ಕಳಿಗೆ ನಿಜಕ್ಕೂ ಬೇಕಾದ ಪ್ರಶ್ನೆಗಳು, ಅಗ್ಗದ ಹಳೆಯ ಔಷಧಗಳ ಪ್ರಶ್ನೆಗಳು, ಹೆಚ್ಚಾಗಿ ಎರಡನೆಯ ಬಗೆಯಲ್ಲಿರುತ್ತವೆ. ಒಳಗೆ ಬರಲು ಎಂ.ಬಿ.ಬಿ.ಎಸ್. ಬೇಕಿಲ್ಲ. ಜೀವವಿಜ್ಞಾನ, ಔಷಧಶಾಸ್ತ್ರ, ನರ್ಸಿಂಗ್, ಮನಶ್ಶಾಸ್ತ್ರ, ವಾಕ್ ಮತ್ತು ಶ್ರವಣ, ಸಂಖ್ಯಾಶಾಸ್ತ್ರ, ಫಿಸಿಯೋಥೆರಪಿ ಓದಿದ ಯಾರಿಗೂ ಜಾಗವಿದೆ. ಇಇಜಿ ತಂತ್ರಜ್ಞರಾಗುವ ತರಬೇತಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಿಗುತ್ತದೆ, ಆ ವಿದ್ಯೆ ಕಲಿತವರಿಗೆ ಜಿಲ್ಲೆಗಳಲ್ಲಿ ಬಹಳ ಬೇಡಿಕೆಯಿದೆ. ಇಂಗ್ಲಿಷ್ ಬರೆಯಲು ಬರಬೇಕು, ಅದನ್ನು ಕಲಿಯಬಹುದು. ಕಲಿಸಲು ಕಷ್ಟವಾದದ್ದು ಒಂದು ಮನೆಗೆ ಹೋಗಿ, ಕೊಟ್ಟ ಚಹಾ ಕುಡಿದು, ಮಗುವಿನ ವಿಷಯವೆತ್ತುವ ಮೊದಲು ದನಕರುಗಳ ವಿಚಾರ ಕೇಳುವ ವ್ಯವಧಾನ. ಅದು ನಮ್ಮ ಕಡೆಯವರಿಗೆ ಇದ್ದೇ ಇರುತ್ತದೆ, ಬಯೋಡೇಟಾದಲ್ಲಿ ಬರೆಯಲು ಜಾಗವಿಲ್ಲ ಅಷ್ಟೇ.

ನಮ್ಮ ಕೇಂದ್ರದ ಕೊನೆಯ ಮಗುವಿನ ಪರೀಕ್ಷೆ ಮುಗಿದು ಈಗ ಮಾಹಿತಿಯ ಅಂತಿಮ ತಾಳೆ ನಡೆಯುತ್ತಿದೆ. ಯಾವ ಗುಂಪಿನ ಮಕ್ಕಳು ಮೇಲೆಂಬುದು ಎಲ್ಲ ಕೇಂದ್ರಗಳ ಲೆಕ್ಕ ಸೇರಿದ ಮೇಲೆ ಸಂಖ್ಯಾಶಾಸ್ತ್ರಜ್ಞರು ಹೇಳಬೇಕು. ಅಷ್ಟರಲ್ಲಿ ಮುಂದಿನ ಅಧ್ಯಯನದ ಅರ್ಜಿ ಸಿದ್ಧವಾಗಿದೆ. ಅದರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಭೇಟಿಗಳಿಗೆ ಆರು ವಾರಗಳ ಅವಕಾಶ ಕೇಳಿದ್ದೇವೆ, ನಡೆಯಲಾಗದ ಮಕ್ಕಳ ಪರೀಕ್ಷೆಯನ್ನು ಮನೆಯಲ್ಲೇ ಮಾಡಲು ಜೀಪಿನ ಬಾಡಿಗೆ ಸೇರಿಸಿದ್ದೇವೆ, ಸೆಳೆತದ ದಾಖಲೆಯ ಕೆಳಗೆ ‘ಮುದ್ರಿತ ಡೈರಿ ಅಥವಾ ಮನೆಯ ಕ್ಯಾಲೆಂಡರ್’ ಎಂದು ಬರೆದಿದ್ದೇವೆ. ಜೀಪಿನ ಬಾಡಿಗೆಯ ಸಾಲಿನ ಮುಂದೆ ಪರಿಶೀಲಕರೊಬ್ಬರು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳುಹಿಸಿದ್ದಾರೆ. ಯಾವ ಊರಿಗೆ ಬಸ್ಸು ಎಲ್ಲಿಯವರೆಗೆ, ಅಲ್ಲಿಂದ ಎಷ್ಟು ನಡಿಗೆ ಎಂಬ ಪಟ್ಟಿಯನ್ನು ಅವರಿಗಾಗಿ ತಯಾರಿಸುತ್ತಿದ್ದೇನೆ.